ಹನ್ನೊಂದು ವಾಟಿ

ನಮ್ಮ ಮನೆಯಲ್ಲಿ ಅಪ್ಪನ ಹೆಸರಿಲ್ಲದ ಪಾತ್ರೆಯೇ ಇರಲಿಲ್ಲ. ನೀರಿನ ಕೊಡ, ಅನ್ನದ ತಪೇಲಿ, ಹಿಟ್ಟಿನ ಡಬ್ಬಿ, ನಾವು ಉಣ್ಣುವ ತಾಟು, ಪಲ್ಯ ಹಾಕಿಕೊಳ್ಳುವ ವಾಟಿ, ಕಡೆಗೆ ದೇವರ ಮುಂದಿನ ಪುಟ್ಟ ತಂಬಿಗೆಯ ಮೇಲೂ ಮರಾಠಿ ಲಿಪಿಯಲ್ಲಿ, ಚುಕ್ಕಿ ಚುಕ್ಕಿಯಾಗಿ, ಈರಣ್ಣ ಎಂದು ಕೊರೆದಿರುತ್ತಿತ್ತು. ಸೊಲ್ಲಾಪುರದ ಪೇಟೆಯಲ್ಲಿ ನಮ್ಮದು ಪಾತ್ರೆ ಅಂಗಡಿ, ಮಂದಿಯ ಬಾಯಲ್ಲಿ ಭಾಂಡಿ ಅಂಗಡಿ. ಕೊಂಡ ಪಾತ್ರೆಗೆ ಹೆಸರು ಹಾಕಿಕೊಡುವುದು ಅಪ್ಪನ ಕೆಲಸ. ಅಂಗಡಿಯ ಬಾಗಿಲ ಪಕ್ಕ ಗೋಣಿಚೀಲ ಹಾಸಿಕೊಂಡು, ಎರಡು ಪಾದಗಳ ನಡುವೆ ಪಾತ್ರೆ ಒತ್ತಿ ಹಿಡಿದು, ಸಣ್ಣ ಉಳಿ ಸಣ್ಣ ಸುತ್ತಿಗೆ ತಗೊಂಡು ಅಪ್ಪ ಕೂತರೆ ಆ ಟಕ್ ಟಕ್ ಸದ್ದು ಒಳಗಿನ ಅಡುಗೆಮನೆಯ ತನಕ ಕೇಳುತ್ತಿತ್ತು. ಮದುವೆಯ ಹಂಗಾಮಿನಲ್ಲಿ ಅದು ಊಟದ ಹೊತ್ತಿಗಷ್ಟೇ ನಿಲ್ಲುತ್ತಿತ್ತು. ಸದ್ದು ನಿಂತ ಕೂಡಲೇ ಅವ್ವ ತಾಟು ಇಡುತ್ತಿದ್ದಳು. ಕರೆಯುವ ಪದ್ಧತಿ ನಮ್ಮಲ್ಲಿರಲಿಲ್ಲ.

ಅಂಗಡಿಯ ಬೆನ್ನಿಗೇ ಮನೆ. ಉದ್ದಕ್ಕೆ, ಸಪೂರವಾಗಿ, ಒಂದರ ಹಿಂದೊಂದು ನಾಲ್ಕು ಕೋಣೆ. ಮೊದಲನೆಯದರಲ್ಲಿ ಹುಲ್ಲು ಸುತ್ತಿ ಬಂದ ಹೊಸ ಪಾತ್ರೆಗಳು. ಎರಡನೆಯದು ಆಯಿಯದು, ಅಂದರೆ ಅಪ್ಪನ ತಾಯಿಯದು. ಅವಳ ಮಂಚ ದಾಟದೆ ಬೀದಿಯ ಕಡೆಯಿಂದ ಯಾರೂ ಒಳಕ್ಕೆ ಹೋಗುವಂತಿರಲಿಲ್ಲ, ಅದು ಅವಳಿಗೆ ಅನುಕೂಲವೇ ಆಗಿತ್ತು. ಮೂರನೆಯದು ನಮ್ಮದು, ನಾಲ್ಕನೆಯದು ಅಡುಗೆಮನೆ, ಅದರಾಚೆ ಕೈಯಗಲ ಹಿತ್ತಲು. ಬೆಳಕು ಎರಡು ತುದಿಗೆ ಮಾತ್ರ ಬರುತ್ತಿತ್ತು. ಅಪ್ಪ ಬೀದಿಯ ಬೆಳಕಿನಲ್ಲಿ ಕೂರುತ್ತಿದ್ದ, ಅವ್ವ ಹಿತ್ತಲ ಬೆಳಕಿನಲ್ಲಿ. ನಡುವಿನ ಕತ್ತಲಲ್ಲಿ ಆಯಿ ಇಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಅಷ್ಟು ಪಾತ್ರೆಗಳ ಮೇಲಿದ್ದ ಆ ಹೆಸರನ್ನು ಬಾಯಿಬಿಟ್ಟು ಹೇಳಬಾರದವಳು ಮನೆಯಲ್ಲಿ ಒಬ್ಬಳೇ, ಅವ್ವ. ಗಂಡನ ಹೆಸರು ಹೆಂಡತಿ ಹೇಳಬಾರದು ಎಂಬುದು ನಮ್ಮ ಕಡೆ ಎಲ್ಲರ ಮನೆಯ ಮಾತು. ಆದರೆ ಅದಕ್ಕೊಂದು ಕಿಂಡಿ ಬಿಟ್ಟಿದ್ದರು. ಹಾಡಿನಂಥ ಎರಡು ಸಾಲು ಕಟ್ಟಿ ಅದರೊಳಗೆ ಹೆಸರಿಟ್ಟು ಹೇಳಿದರೆ ತಪ್ಪಿಲ್ಲ. ಅದಕ್ಕೆ ಒಡಪು ಅನ್ನುತ್ತೇವೆ, ಪಕ್ಕದ ಮನೆಯ ಮರಾಠಿಯವರು ಉಖಾಣಾ ಅನ್ನುತ್ತಾರೆ. ಹೊಸ ಮದುಮಗಳು ಮನೆ ತುಂಬುವಾಗ, ಅರಿಶಿಣ ಕುಂಕುಮಕ್ಕೆ ಹೋದಲ್ಲಿ, ಬಸುರಿಗೆ ಉಡಿ ತುಂಬುವಲ್ಲಿ, ಹೆಂಗಸರು ಸುತ್ತ ಕೂತು "ಹೆಸರು ಹೇಳು" ಎಂದು ಕಾಡುತ್ತಾರೆ. ಹೇಳುವ ತನಕ ಬಾಗಿಲು ಬಿಡುವುದಿಲ್ಲ. ಹೇಳಿದಾಗ ಎಲ್ಲರೂ ನಗುತ್ತಾರೆ, ಹೇಳಿದವಳ ಕಿವಿ ಕೆಂಪಗಾಗುತ್ತದೆ.

ಅವ್ವ ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಒಕ್ಕಲು ಮನೆಯಿಂದ ಬಂದವಳು. ನಾಲ್ಕನೆಯ ಇಯತ್ತೆಯ ತನಕ ಕನ್ನಡ ಸಾಲಿ ಕಲಿತಿದ್ದಳು, ಮರಾಠಿ ಲಿಪಿ ಬರುತ್ತಿರಲಿಲ್ಲ. ಅವಳು ಮೊದಲ ಸಲ ಈ ಮನೆಯ ಹೊಸ್ತಿಲಿಗೆ ಬಂದು ನಿಂತ ದಿನದ ಕತೆಯನ್ನು ಆಯಿ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಬಾಗಿಲಿಗೆ ಅಡ್ಡ ನಿಂತ ಪೇಟೆಯ ಹೆಂಗಸರು ಹೆಸರು ಕೇಳಿದರು. ಅವ್ವ ತನ್ನೂರಿನ ಹಾಗೆ ಮೂರು ಸಾಲು ಹೇಳಿದಳು.

ದೂರದ ಹಾದೀಲಿ ಧೂಳ ತುಳಿಯುತ ಬಂದೆ
ಸೀರಿಯ ಸೆರಗ ಗಂಟೀಲಿ – ಕಟ್ಟೇನ
ಈರಣ್ಣನೆಂಬೊ ಹೆಸರನ್ನ

ಹೇಳಿ ಮುಗಿಸಿ ತಲೆ ತಗ್ಗಿಸಿದಳು. ಯಾರೂ ನಗಲಿಲ್ಲ, ಯಾರೂ ಸರಿಯಲಿಲ್ಲ. ಅವರು ಇನ್ನೂ ಕಾಯುತ್ತಿದ್ದರು. ಸೊಲ್ಲಾಪುರದ ಕಿವಿಗೆ ಒಡಪು ಎಂದರೆ ಎರಡೇ ಸಾಲು, ಎರಡರ ಕೊನೆಯೂ ಒಂದೇ ಸದ್ದಿನಲ್ಲಿ ಮುಗಿಯಬೇಕು. ಅದಕ್ಕೆ ಮರಾಠಿಯಲ್ಲಿ ಯಮಕ ಅನ್ನುತ್ತಾರೆ. ಅವ್ವನ ಮೂರು ಸಾಲುಗಳ ಹೊಂದಿಕೆ ಇದ್ದದ್ದು ತಲೆಯಲ್ಲಿ: ದೂರ, ಸೀರಿ, ಈರ. ಮೂರರ ಮೊದಲಕ್ಷರ ದೀರ್ಘ, ಮೂರರ ಎರಡನೆಯ ಅಕ್ಷರ ರಕಾರ. ಆದರೆ ಬಾಲದ ಕಡೆ ಕಿವಿಗೊಟ್ಟು ನಿಂತವರಿಗೆ ತಲೆ ಕೇಳಿಸಲಿಲ್ಲ.

ಕತೆ ಇಲ್ಲಿಗೆ ಬಂದಾಗ ಆಯಿ ಮಂಚದ ಮೇಲೆ ನೆಟ್ಟಗೆ ಕೂತು ಹೇಳುತ್ತಿದ್ದಳು:

"ನಾವೆಲ್ಲಾ ಮುಂದ ಏನ ಬರ್ತದ ಅಂತ ಬಾಯಿ ತಕ್ಕೊಂಡು ನಿಂತೀವಿ. ಮುಂದ ಏನೂ ಇಲ್ಲ. ಯಮಕ ಎಲ್ಲದವಾ ಅಂತ ಕೇಳಿದ್ರ, ಹೇಳೀನಲ್ರಿ ಅಂತಾಳ. ಮತ್ತ ಹೇಳಂದ್ರ ಮತ್ತ ಅದನ್ನ ಹೇಳ್ತಾಳ. ಮೂರು ಸಲ ಹೇಳಿಸೀವಿ. ಹೊತ್ತು ಮೀರಿತು ಅಂತ ಒಳಗ ಬಿಟ್ಟೀವಿ ನೋಡ್ರಿ."

ಬಂದವರು ನಗುತ್ತಿದ್ದರು. ಅವ್ವ ಚಹಾದ ತಾಟು ಹಿಡಿದು ನಿಂತಿರುತ್ತಿದ್ದಳು, ಅವಳೂ ನಗುತ್ತಿದ್ದಳು. ನಾನು ಅವಳ ನಗುವನ್ನು ನಂಬಿದ್ದೆ.

ಒಂದು ವರ್ಷದೊಳಗೆ ಅವಳು ಸೊಲ್ಲಾಪುರದ ರೀತಿಯನ್ನೂ ಕಲಿತುಬಿಟ್ಟಳು. ಎಷ್ಟು ಚೆನ್ನಾಗಿ ಕಲಿತಳೆಂದರೆ ಓಣಿಯ ಹೆಣ್ಣುಮಕ್ಕಳು ಮದುವೆ ಗೊತ್ತಾದ ಕೂಡಲೇ ಅವಳ ಹತ್ತಿರ ಬಂದು ಕೂರುತ್ತಿದ್ದರು. ನನ್ನ ಕಾಕಾನ, ಅಂದರೆ ಅಪ್ಪನ ತಮ್ಮನ, ಮದುವೆಯಲ್ಲಿ ಕಾಕಿಗೂ ಅವಳೇ ಕಟ್ಟಿಕೊಟ್ಟಳು. ಕಾಕಾನ ಹೆಸರು ಸುರೇಶ. "ಮೊದಲ ಹೆಸರು ಇಡಬೇಕು, ಆಮ್ಯಾಲ ಹಿಂದಕ್ಕ ಹಿಂದಕ್ಕ ಬರಬೇಕು" ಎಂದು ಅವ್ವ ಅನ್ನುತ್ತಿದ್ದಳು. ಕಾಕಿ ಬಾಗಿಲಲ್ಲಿ ನಿಂತು ಗಿಳಿಯಂತೆ ಒಪ್ಪಿಸಿದಳು:

ತಾಮ್ರದ ತಂಬಿಗಿ ಹುಣಚಿಹಣ್ಣು ಹಚ್ಚಿದ್ರ ಹೊಳೀತದ,
ಸುರೇಶರಾಯರ ಹೆಸರು ನನ್ನ ಮಾರಿ ನೋಡಿದ್ರ ತಿಳೀತದ.

ಹೆಂಗಸರು ಚಪ್ಪಾಳೆ ತಟ್ಟಿ ಒಂದೇ ಮಾತಿಗೆ ಬಾಗಿಲು ಬಿಟ್ಟರು. ಅವ್ವ ತನಗೂ ಹಾಗೆ ಕಟ್ಟಿಕೊಳ್ಳುತ್ತಿದ್ದಳು. ಸಂಕ್ರಾಂತಿಯ ಒಂದು ಅರಿಶಿಣ ಕುಂಕುಮದಲ್ಲಿ ಅವಳು ಹೇಳಿದ್ದು ನನಗೆ ಈಗಲೂ ನೆನಪಿದೆ:

ಬಿಸಿ ರೊಟ್ಟಿ ಮ್ಯಾಲ ಶೇಂಗಾ ಹಿಂಡಿ, ಕೆಂಪನ್ನ ಬಣ್ಣ,
ಅಂಗಡಿ ಬಾಗಲ ಹಾಕಿ ಬಂದ್ರ ಮನಿ ತುಂಬ ಈರಣ್ಣ.

ಅಪ್ಪನ ಹೆಸರಿನ ಸೌಭಾಗ್ಯ ಅದು. ತಲೆಗೂ ಸಿಗುತ್ತಿತ್ತು, ಬಾಲಕ್ಕೂ ಸಿಗುತ್ತಿತ್ತು. ಊರು, ನೀರು, ದಾರಿ, ದೂರ ಒಂದು ಕಡೆ. ಬಣ್ಣ, ಸಣ್ಣ, ಮಣ್ಣ ಇನ್ನೊಂದು ಕಡೆ. ಅವ್ವ ಎಷ್ಟು ಸಲ ಹೇಳಿದರೂ ಹೇಳಿದ್ದನ್ನೇ ಮತ್ತೆ ಹೇಳಬೇಕಾಗುತ್ತಿರಲಿಲ್ಲ. ಆ ಸದ್ದು ಹೊರಗಿನ ಅಂಗಡಿಯ ತನಕ ಕೇಳುತ್ತಿತ್ತೋ ಏನೋ, ಅಪ್ಪನ ಸುತ್ತಿಗೆ ಆ ಹೊತ್ತಿಗೆ ತುಸು ತಡೆಯುತ್ತಿತ್ತು.

ಮಧ್ಯಾಹ್ನ ಪಾತ್ರೆ ತಿಕ್ಕಿ ಬಿಸಿಲಿಗೆ ಹಾಕಿದ ಮೇಲೆ ಅವಳು ನನ್ನೊಬ್ಬಳಿಗೆ ತನ್ನೂರಿನ ಮೂರು ಸಾಲು ಕಲಿಸುತ್ತಿದ್ದಳು. ಅದಕ್ಕೆ ತ್ರಿಪದಿ ಎಂಬ ಹೆಸರಿರುವುದು ಅವಳಿಗೆ ಗೊತ್ತಿರಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ವಾಟಿಗಳನ್ನು ಸಾಲಾಗಿ ಇಡುತ್ತಿದ್ದಳು. ಮೇಲೆ ನಾಲ್ಕು, ಅದರ ಕೆಳಗೆ ನಾಲ್ಕು, ಅದರ ಕೆಳಗೆ ಮೂರು. ಒಟ್ಟು ಹನ್ನೊಂದು. ಎರಡನೆಯ ಸಾಲಿನ ಎರಡನೆಯ ವಾಟಿಯೂ ಮೂರನೆಯ ಸಾಲಿನ ಎರಡನೆಯ ವಾಟಿಯೂ ಚಿಕ್ಕವು, ಉಪ್ಪಿನಕಾಯಿಯ ವಾಟಿಗಳು. ಪ್ರತಿ ಸಾಲಿನ ಮೊದಲ ವಾಟಿಗೆ ಒಂದೊಂದು ಶೇಂಗಾಬೀಜ. ಬೀಜ ಇದ್ದಲ್ಲಿ ಸದ್ದು ಹೊಂದಬೇಕು. ಒಂದೊಂದು ವಾಟಿ ಮುಟ್ಟುತ್ತ ಹಾಡುತ್ತಿದ್ದಳು. ಎರಡನೆಯ ಸಾಲನ್ನು ಎರಡು ಸಲ ಹಾಡಬೇಕು, ಬೆರಳು ಮತ್ತೆ ಹಿಂದಕ್ಕೆ ಹೋಗುತ್ತಿತ್ತು. ಈರಣ್ಣ, ನೆಂಬೊ, ಹೆಸರನ್ನ ಎಂದು ಕೊನೆಯ ಸಾಲು ಮುಟ್ಟುವಾಗ ನಡುವಿನ ಚಿಕ್ಕ ವಾಟಿಯ ಮೇಲೆ ಬೆರಳು ನಿಲ್ಲುತ್ತಲೇ ಇರಲಿಲ್ಲ, ಹಾರಿ ಹೋಗುತ್ತಿತ್ತು.

"ನಾಕು, ನಾಕು, ಮೂರು. ಕಡೀದ್ದು ಗಿಡ್ಡ ಯಾಕ ಹೇಳು ಕಸ್ತೂರಿ?"

"ಯಾಕವಾ?"

"ಉಸರು ಅಲ್ಲಿಗೆ ಮುಗೀತದ. ಉಳದದ್ದು ಕೇಳಾವ್ರು ತುಂಬ್ಕೋಬೇಕು."

"ಮತ್ತ ಆಯಿ ಇದು ಸರಿ ಇಲ್ಲ ಅಂತಾಳಲ್ಲ?"

"ಇಲ್ಲಿ ಬಾಲಕ್ಕ ಗಂಟು ಹಾಕ್ತಾರ, ನಮ್ಮೂರಾಗ ತಲಿಗಿ ಹಾಕ್ತೀವಿ. ಗಂಟಂತೂ ಬಿಗಿನ ಇರ್ತದ."

ನಾನು ಕಲಿಯುತ್ತಿದ್ದದ್ದು ಮರಾಠಿ ಸಾಲೆಯಲ್ಲಿ. ಆರನೆಯ ಇಯತ್ತೆಯಲ್ಲಿ ಟೀಚರು ಕವಿತೆ ಎಂದರೇನು ಎಂದು ಹೇಳಿಕೊಟ್ಟರು. ಕಡವೆ ಎಂದರೆ ಪದ್ಯದ ಒಂದು ಗುಂಪು, ಅದರ ಸಾಲುಗಳ ಕೊನೆಯ ಅಕ್ಷರ ಹೊಂದಿದರೆ ಯಮಕ. ಮೊದಲ ಸಾಲು ಎರಡನೆಯದಕ್ಕೆ, ಮೂರನೆಯದು ನಾಲ್ಕನೆಯದಕ್ಕೆ ಹೊಂದುವುದೊಂದು ಬಗೆ. ಒಂದು ಬಿಟ್ಟು ಒಂದು ಹೊಂದುವುದು ಇನ್ನೊಂದು ಬಗೆ. ಫಳಿಯ ಮೇಲೆ, ಅಂದರೆ ಕರಿಹಲಗೆಯ ಮೇಲೆ, ಸಾಲುಗಳ ತುದಿಗೆ ಗುರುತು ಹಾಕಿ ಅವರು ತೋರಿಸಿದ ರೀತಿ ನನಗೆ ಬಹಳ ಹಿಡಿಸಿತು. ಮನೆಯಲ್ಲಿ ಬರುವ ಹಾಡು ಯಾರಾದರೂ ಹೇಳಿ ಎಂದಾಗ ನಾನು ಎದ್ದು ನಿಂತೆ. ಅವ್ವನ ಮೂರು ಸಾಲು ಹೇಳಿದೆ, ಎರಡನೆಯ ಸಾಲನ್ನು ಎರಡು ಸಲ ಹೇಳಿದೆ. ಟೀಚರಿಗೂ ಕನ್ನಡ ತಿಳಿಯುತ್ತಿತ್ತು, ಕೆಟ್ಟವರೇನಲ್ಲ. ಬಂದೆ, ಕಟ್ಟೇನ, ಹೆಸರನ್ನ ಎಂಬ ಮೂರು ಕೊನೆಗಳನ್ನು ಫಳಿಯ ಮೇಲೆ ಬರೆದು, ಇವು ಮೂರೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ತರಗತಿಯನ್ನು ಕೇಳಿದರು. ಇಲ್ಲ ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಹಾಗಾದರೆ ಇದು ಕವಿತೆಯಲ್ಲ, ಬರೀ ಮಾತು ಎಂದರು ಟೀಚರು. ನಾನು ಕೂತೆ. ನನಗೆ ಅಳು ಬರಲಿಲ್ಲ. ತೀರ್ಪು ಸರಿ ಎಂದೇ ಅನ್ನಿಸಿತು, ಫಳಿಯ ಮೇಲೇ ಇತ್ತಲ್ಲ.

ಮನೆಗೆ ಬಂದಾಗ ಅವ್ವ ಹಿತ್ತಲಲ್ಲಿ ವಾಟಿ ಇಟ್ಟು ನನಗಾಗಿ ಕಾದಿದ್ದಳು. ಹೊಸದೇನೋ ಕಟ್ಟಿದ್ದಳು. ನಾನು ಚೀಲ ಇಳಿಸದೆ ಹೇಳಿದೆ:

"ನಿಂದು ಕವಿತಾನ ಅಲ್ಲವಾ. ಯಮಕ ಎಲ್ಲದ ಅದರಾಗ? ಟೀಚರ ಅಂದ್ರು, ಬರೇ ಮಾತದು."

ಅವ್ವ ನನ್ನ ಮುಖ ನೋಡಿದಳು. "ಹೌದೇನು" ಎಂದಳು. ಆಮೇಲೆ ವಾಟಿಗಳನ್ನು ಒಂದರೊಳಗೊಂದು ಇಟ್ಟಳು, ಮೂರು ಶೇಂಗಾಬೀಜ ನನ್ನ ಕೈಗೆ ಹಾಕಿದಳು, ನಾನು ತಿಂದೆ. ಮರುದಿನ ಹಿತ್ತಲ ಕಟ್ಟೆಯ ಮೇಲೆ ವಾಟಿ ಇರಲಿಲ್ಲ, ಅದರ ಮರುದಿನವೂ ಇರಲಿಲ್ಲ. ಕೇಳಬೇಕು ಅನ್ನಿಸಲಿಲ್ಲ ನನಗೆ. ನಾನು ವಹಿಯಲ್ಲಿ ಬಾಲಕ್ಕೆ ಬಾಲ ಕಟ್ಟಿದ ಮರಾಠಿ ಸಾಲು ಬರೆಯುವುದರಲ್ಲಿ ಮುಳುಗಿದ್ದೆ. ಇವತ್ತು ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಅಪ್ಪ ತೀರಿಕೊಂಡದ್ದು ಅದೇ ವರ್ಷದ ಮದುವೆ ಹಂಗಾಮಿನಲ್ಲಿ. ಎಂದಿಗಿಂತ ತುಸು ಮೊದಲೇ ಸುತ್ತಿಗೆಯ ಸದ್ದು ನಿಂತಿತು. ಅವ್ವ ತಾಟು ಇಟ್ಟಳು. ರೊಟ್ಟಿ ಹಾಕಿದಳು, ಅದರ ಮೇಲೆ ಶೇಂಗಾ ಹಿಂಡಿಯ ಚಟ್ನಿಪುಡಿ, ಪಕ್ಕದಲ್ಲಿ ಮೊಸರು. ಇಷ್ಟು ಬೇಗ ಹಸಿವಾಯಿತೇನೋ ಎಂದಳು. ನಾನು ಆಗಲೇ ಉಣ್ಣುತ್ತ ಕೂತಿದ್ದೆ. ಬೀದಿಯ ಕಡೆಯಿಂದ ಕಾಕಾ ಒದರಿದ್ದು ಆಯಿಯ ಕೋಣೆ ದಾಟಿ ನಮಗೆ ಮುಟ್ಟುವ ಹೊತ್ತಿಗೆ ರೊಟ್ಟಿ ಆರಿತ್ತು. ಹೃದಯ ನಿಂತಿತು ಎಂದು ಡಾಕ್ಟರು ಹೇಳಿದರು. ಅಪ್ಪನ ಪಾದಗಳ ನಡುವೆ ಯಾರದೋ ಕೊಡ ಇತ್ತು, ಅದರ ಮೇಲೆ ಯಾರದೋ ಹೆಸರಿನ ಮೊದಲ ಎರಡು ಅಕ್ಷರ. ಹದಿನೈದು ದಿನದ ಮೇಲೆ ಕೊಡದವರು ಬಂದು ಸಂಕೋಚದಿಂದ ಕೇಳಿದಾಗ ಉಳಿದ ಅಕ್ಷರಗಳನ್ನು ಕಾಕಾ ಹಾಕಿಕೊಟ್ಟ. ಅವನ ಚುಕ್ಕಿಗಳು ದಪ್ಪ.

ಸಂಜೆಯ ಎಸ್‌ಟಿ ಬಸ್ಸಿಗೆ ಅಕ್ಕಲಕೋಟದ ಕಡೆಯಿಂದ ಅವ್ವನ ತವರಿನ ಹೆಂಗಸರು ಬಂದರು. ನಮ್ಮ ಹಳ್ಳಿಗಳಲ್ಲಿ ಸತ್ತವರ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಬರೀ ಕೂಗಲ್ಲ ಅದು. ಸತ್ತವರನ್ನು ಕರೆದು, ಅವರ ನಡೆನುಡಿ ಹೇಳಿ, ಸಾಲು ಕಟ್ಟಿ ಅಳುವುದು. ಅವ್ವನ ಅಕ್ಕ ಮೊದಲು ಹಿಡಿದಳು. ಒಬ್ಬೊಬ್ಬರಾಗಿ ಉಳಿದವರು ಕೂಡಿಕೊಂಡರು. ನಾನು ಗೋಡೆಗೆ ಒರಗಿ ಕೂತಿದ್ದೆ. ನನ್ನ ಅಪ್ಪ ಎದುರಿಗೆ ಮಲಗಿದ್ದಾನೆ ಎಂಬುದು ತಿಳಿಯುತ್ತಿತ್ತು, ಆದರೆ ಎಲ್ಲೂ ಮುಟ್ಟುತ್ತಿರಲಿಲ್ಲ. ನನ್ನ ಬೆರಳು ತೊಡೆಯ ಮೇಲೆ ಎಣಿಸುತ್ತಿತ್ತು. ನಾಲ್ಕು. ನಾಲ್ಕು. ಮತ್ತೆ ಹಿಂದಕ್ಕೆ. ಮೂರು. ದೊಡ್ಡವ್ವನ ಅಳುವಿನಲ್ಲೂ ಹನ್ನೊಂದು ವಾಟಿ ಇದ್ದವು, ತಲೆಯಲ್ಲಿ ಸದ್ದು ಹೊಂದುತ್ತಿತ್ತು, ಕೊನೆಯ ಸಾಲಿಗೆ ಉಸಿರು ನಿಜಕ್ಕೂ ಮುಗಿಯುತ್ತಿತ್ತು. ಅಪ್ಪನ ಹೆಣದ ಮುಂದೆ ಕೂತು ನಾನು ಇದನ್ನು ಕಂಡುಹಿಡಿದೆ. ಅಂದಿನಿಂದ ಅದೇ ಚಟವಾಯಿತು. ಎಲ್ಲಿ ಅಳಬೇಕೋ ಅಲ್ಲಿ ಎಣಿಸುತ್ತೇನೆ.

ಪ್ರತಿ ಮೂರು ಸಾಲು ಮುಗಿದಾಗಲೂ ಹೆಂಗಸರು ಅವ್ವನ ಕಡೆ ನೋಡಿ ನಿಲ್ಲುತ್ತಿದ್ದರು. ಈಗ ಅವಳು ಹಿಡಿಯಬೇಕು. ಅವಳು ಅಪ್ಪನ ಕಾಲ ಬಳಿ ಕೂತು, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ನೆಲ ನೋಡುತ್ತಿದ್ದಳು. ತುಟಿ ಒಮ್ಮೆ ಅಲುಗಿತು. ಓಣಿಯ ಹೆಂಗಸರೆಲ್ಲ ಮುಂದಕ್ಕೆ ಬಾಗಿದರು. ಅವಳು ಬಾಯಿ ಮುಚ್ಚಿಕೊಂಡಳು. ದೊಡ್ಡವ್ವ ಮತ್ತೆ ತಾನೇ ಹಿಡಿದಳು. ಹೆಣ ಎತ್ತುವ ತನಕ ಅವ್ವನಿಂದ ಒಂದು ಸಾಲೂ ಬರಲಿಲ್ಲ. ಆ ಸಂಜೆ ಆಯಿ ಅಂದದ್ದನ್ನು ಆಮೇಲೆ ವರ್ಷಗಟ್ಟಲೆ ಅಂದಳು, ಬಂದವರ ಮುಂದೆಲ್ಲ ಅಂದಳು:

"ಊರ ಮಂದಿಗೆಲ್ಲಾ ಹಾಡ ಕಟ್ಟಿ ಕೊಡ್ತಿದ್ಲು. ನನ್ನ ಮಗಗ ಒಂದು ಸಾಲ ಹುಟ್ಟಲಿಲ್ಲ ಇವಳ ಬಾಯಾಗ."

ಹೊಸ್ತಿಲ ಕತೆಯ ಜಾಗಕ್ಕೆ ಈ ಮಾತು ಬಂತು. ಯಾರೂ ನಗುತ್ತಿರಲಿಲ್ಲ ಅಷ್ಟೇ. ಅವ್ವ ಚಹಾದ ತಾಟು ಹಿಡಿದು ಹಾಗೇ ನಿಂತಿರುತ್ತಿದ್ದಳು.

ಗಂಡ ಸತ್ತವಳನ್ನು ಯಾರೂ ಒಡಪು ಕೇಳುವುದಿಲ್ಲ. ಅರಿಶಿಣ ಕುಂಕುಮಕ್ಕೆ ಕರೆಯುವುದಿಲ್ಲ, ಮದುಮಗಳು ಮನೆ ತುಂಬುವಾಗ ಬಾಗಿಲ ಹತ್ತಿರ ನಿಲ್ಲಿಸುವುದಿಲ್ಲ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಇದರಿಂದ ಏನಾಯಿತು ಎಂಬುದು ನನಗೆ ಹೊಳೆಯಲು ಬಹಳ ವರ್ಷ ಹಿಡಿಯಿತು. ಆ ಹೆಸರು ಅವ್ವನ ಬಾಯಿಂದ ಬರಲು ಇದ್ದದ್ದು ಒಂದೇ ಕಿಂಡಿ. ಅದನ್ನು ಮುಚ್ಚಿದ್ದರು. ಹದಿನಾಲ್ಕು ವರ್ಷ ಬಾಳಿದ ಮನುಷ್ಯನ ಹೆಸರು ಇನ್ನು ಸಾಯುವ ತನಕ ಅವಳು ಹೇಳುವಂತಿರಲಿಲ್ಲ. ಓಣಿಯ ಹುಡುಗಿಯರು ಮಾತ್ರ ಹಿತ್ತಲ ಬಾಗಿಲಿಂದ ಇನ್ನೂ ಬರುತ್ತಿದ್ದರು, ಯಾರು ಕಟ್ಟಿದ್ದೆಂದು ಎಲ್ಲೂ ಹೇಳಬಾರದು ಎಂಬ ಮಾತಿನ ಮೇಲೆ. ಅವ್ವ ಕಟ್ಟಿಕೊಡುತ್ತಿದ್ದಳು. ರಾಜೇಶನಿಗೊಂದು, ಪ್ರಕಾಶನಿಗೊಂದು. ಬಾಲಕ್ಕೆ ಬಾಲ ಸರಿಯಾಗಿ ಕೂಡುತ್ತಿತ್ತು.

ಎರಡು ವರ್ಷದ ಮೇಲೆ ಕಾಕಿ ಹಳೆಯ ತಾಮ್ರ ಹಿತ್ತಾಳೆಯನ್ನೆಲ್ಲ ಮೋಡಿಗೆ, ಅಂದರೆ ಗುಜರಿಯ ತೂಕಕ್ಕೆ, ಹಾಕಿ ಸ್ಟೀಲು ತರೋಣ ಎಂದಳು. ನಮ್ಮದೇ ಅಂಗಡಿ, ತಡೆಯುವವರಾರು? ಆಯಿ ತನ್ನ ತಂಬಿಗೆಯೊಂದನ್ನು ಮಂಚದ ಕೆಳಗೆ ಬಚ್ಚಿಟ್ಟುಕೊಂಡಳು. ಉಳಿದದ್ದನ್ನು ಅಡುಗೆಮನೆಯಿಂದ ಅಂಗಡಿಗೆ ಹೊತ್ತು ಸಾಗಿಸಿದವಳು ನಾನು. ಕಾಕಿ ಅವ್ವನನ್ನು ಕೇಳಿದ್ದು ಎಲ್ಲ ಆದ ಮೇಲೆ.

"ಏನಾರ ಇಟ್ಕೋತೀರೇನ್ರಿ ಅಕ್ಕಾ, ನೆನಪಿಗಂತ?"

"ಒಯ್ರಿ. ಹಳೇವಾಗ್ಯಾವ," ಎಂದಳು ಅವ್ವ.

ವಾಟಿಗಳನ್ನು ನಾನು ಒಂದರೊಳಗೊಂದು ಇಟ್ಟು ಕೊನೆಗೆ ಒಯ್ದೆ. ಹನ್ನೊಂದೂ ಇದ್ದವು, ಚಿಕ್ಕವೆರಡೂ ಇದ್ದವು. ನನಗೆ ಏನೂ ಅನ್ನಿಸಲಿಲ್ಲ ಎಂದು ಬರೆಯಲು ಈಗ ಕೈ ತಡೆಯುತ್ತದೆ, ಆದರೆ ಅನ್ನಿಸಲಿಲ್ಲ. ಹೊಸ ಸ್ಟೀಲು ತಾಟುಗಳ ಮೇಲೆ ಕಾಕಾನ ಹೆಸರು ಬಂತು, ದಪ್ಪ ಚುಕ್ಕಿಯಲ್ಲಿ. ಅವ್ವ ಆ ತಾಟಿನಲ್ಲೇ ಉಂಡಳು, ನಾನೂ ಉಂಡೆ.

ನಾನು ಓದಿ ಮರಾಠಿ ಶಿಕ್ಷಕಿಯಾದೆ. ಮೂವತ್ತು ವರ್ಷ ಮಕ್ಕಳಿಗೆ ಯಮಕ ಕಲಿಸಿದೆ, ಫಳಿಯ ಮೇಲೆ ಸಾಲುಗಳ ತುದಿಗೆ ಗುರುತು ಹಾಕಿದೆ. ಮದುವೆಯಾದ ಮೇಲೆ ಅವ್ವನನ್ನು ನನ್ನ ಮನೆಗೇ ಕರೆದುಕೊಂಡು ಬಂದೆ. ರೇಶನ್ ಕಾರ್ಡು, ಬ್ಯಾಂಕು, ದವಾಖಾನೆ, ಎಲ್ಲಿ ಯಾರು "ಮಾಲಕರ ಹೆಸರೇನು?" ಎಂದು ಗಂಡನ ಹೆಸರು ಕೇಳಿದರೂ ಅವ್ವ ನನ್ನ ಮುಖ ನೋಡುತ್ತಿದ್ದಳು, ನಾನು ಹೇಳುತ್ತಿದ್ದೆ. ನೌಕರಿಯ ಕೊನೆಯ ವರ್ಷಗಳಲ್ಲಿ ನನಗೊಂದು ಹುಚ್ಚು ಬಂತು, ಕನ್ನಡ ಲಿಪಿ ಕಲಿಯಬೇಕೆಂದು. ಅವ್ವನೇ ಕಲಿಸಿದಳು. ಕಲಿತು ಪುಸ್ತಕ ಓದುತ್ತ ಒಂದು ದಿನ ಅದರಲ್ಲಿ ಕಂಡೆ: ತ್ರಿಪದಿ, ಮೂರು ಸಾಲು, ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಚಿಕ್ಕವು, ಎರಡನೆಯ ಅಕ್ಷರದಲ್ಲಿ ಪ್ರಾಸ. ಹಿತ್ತಲ ಕಟ್ಟೆಯ ಮೇಲೆ ಉಪ್ಪಿನಕಾಯಿಯ ವಾಟಿ ಇದ್ದ ಜಾಗಗಳೇ ಅವು. ನನ್ನ ಟೀಚರು ಒಂದು ಮನೆಯ ಅಳತೆಗೋಲಿನಿಂದ ಇನ್ನೊಂದು ಮನೆಯನ್ನು ಅಳೆದಿದ್ದರು, ನಾನು ಆ ಅಳತೆಯನ್ನು ಹೊತ್ತು ತಂದು ಅವ್ವನ ಮುಂದೆ ಇಟ್ಟಿದ್ದೆ. ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋದೆ. ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನಾನೂ ಕೂತು ಸೊಪ್ಪು ಬಿಡಿಸಿದೆ.

ಕಳೆದ ಚಳಿಗಾಲದಲ್ಲಿ ಅವಳ ತವರಿನ ಹೊಲದ ಕಾಗದಕ್ಕೆ ಅವಳ ಸಹಿ ಬೇಕೆಂದು ಅಕ್ಕಲಕೋಟಕ್ಕೆ ಹೊರಟೆವು. ಅವ್ವನಿಗೆ ಈಗ ಎಂಬತ್ತು ದಾಟಿದೆ. ಗಾಡಿಯ ತುಂಬ ಅಲ್ಲಿನ ಸ್ವಾಮಿಗಳ ಗುಡಿಗೆ ದರ್ಶನಕ್ಕೆ ಹೊರಟವರು. ಕಿಟಕಿಯ ಪಕ್ಕ ಅವಳನ್ನು ಕೂರಿಸಿದೆ. ಹೊರಗೆ ಜೋಳ ತೆನೆಗೆ ಬಂದಿತ್ತು. ಅವಳು ತನ್ನೂರಿನ ದಾರಿ ಗುರುತಿಸುತ್ತ ಹಗುರಾಗಿದ್ದಳು. ನಲವತ್ತು ವರ್ಷಕ್ಕೂ ಮೀರಿ ಇಟ್ಟುಕೊಂಡಿದ್ದ ಮಾತನ್ನು ನಾನು ಆಗ ಕೇಳಿದೆ.

"ಅವಾ, ಅಪ್ಪಾ ಹೋದ ದಿನ ನೀ ಯಾಕ ಹಾಡಿ ಅಳಲಿಲ್ಲ?"

ಅವಳು ಹೊಲ ನೋಡುತ್ತಲೇ ಹೇಳಿದಳು:

"ಕಟ್ಟಿದ್ದೆ. ಬಾಯಿತನಾ ಬಂದಿತ್ತು. ಸುತ್ತ ಎಲ್ಲಾ ಅವರ ಇದ್ರಲ್ಲ, ಬಾಗಲದಾಗ ನನ್ನ ನಿಲ್ಲಿಸಿದವರು."

"ಇದ್ರ ಏನಾತು?"

"ಯಮಕ ಎಲ್ಲದ ಅಂತ ಕೇಳಿದ್ರ, ಅವ್ರ ಮುಂದ? ಹೆಣ ಇಟ್ಟಕೊಂಡು ಮತ್ತ ಮೂರು ಸಲ ಹೇಳ್ಲ್ಯಾ?"

ನನ್ನ ಹೆಸರು ಅವಳು ತೆಗೆಯಲಿಲ್ಲ. ಆದರೆ ಅದೇ ಮಾತನ್ನು ಚೀಲವನ್ನೂ ಇಳಿಸದೆ ಹೇಳಿದವಳು ನಾನು. ಬಾಗಿಲಲ್ಲಿ ಕೇಳಿದವರನ್ನು ಅವಳು ನಗುತ್ತ ದಾಟಿ ಬಂದಿದ್ದಳು. ಹಿತ್ತಲಲ್ಲಿ ಕೇಳಿದವಳನ್ನು ದಾಟಲು ಆಗಲಿಲ್ಲ. ತಪ್ಪಾಯಿತು ಎನ್ನಬೇಕಿತ್ತು. ಕಂಡಕ್ಟರ್ ಬಂದ, ನಾನು ಟಿಕೀಟು ತೋರಿಸಿದೆ.

ಕಚೇರಿಯ ಹೊರಗಿನ ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ಅರ್ಜಿ ತುಂಬುತ್ತಿದ್ದವಳು ಇಪ್ಪತ್ತೈದರ ಒಬ್ಬ ಹುಡುಗಿ. ಕೊರಳಲ್ಲಿ ಹೊಸ ತಾಳಿ. ಮನೆಯಲ್ಲಿ ಕನ್ನಡ, ಬೆರಳಿನಲ್ಲಿ ಮರಾಠಿ. ಅವ್ವನ ಹೆಸರು, ವಯಸ್ಸು, ಊರು ಕೇಳಿ ಟೈಪು ಮಾಡಿದಳು. ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು:

"ಅಜ್ಜಿ, ಮಾಲಕರ ಹೆಸರು ಹೇಳ್ರಿ."

ರೂಢಿಯಂತೆ ನಾನು ಬಾಯಿ ತೆರೆದೆ. ಅವ್ವ ನನ್ನ ಮುಂಗೈ ಹಿಡಿದಳು. ಎಂದೂ ಅಷ್ಟು ಬಿಗಿಯಾಗಿ ಹಿಡಿದವಳಲ್ಲ. ಇನ್ನೊಂದು ಕೈಯಲ್ಲಿ ಸೆರಗಿನ ತುದಿ ಇತ್ತು. ಆ ಹುಡುಗಿಯ ಮುಖ ನೋಡುತ್ತ, ಸಣ್ಣ ದನಿಯಲ್ಲಿ, ಒಂದೊಂದೇ ವಾಟಿ ಮುಟ್ಟುವವಳಂತೆ ಹೇಳಿದಳು:

ಊರಿನ ಮಂದೀಗಿ ಹಾಡೆಲ್ಲ ಕೊಟ್ಟೇನ
ಸೀರಿಯ ಗಂಟ ಬಿಚ್ಚಲೆ – ಇಲ್ಲವ್ವ
ಈರಣ್ಣನೆಂಬೊ ಹೆಸರಿತ್ತ

ನನ್ನ ಬೆರಳು ತಾನಾಗಿ ತೊಡೆಯ ಮೇಲೆ ಎಣಿಸಿತು. ನಾಲ್ಕು, ನಾಲ್ಕು, ಮೂರು. ಚಿಕ್ಕವು ತಮ್ಮ ಜಾಗದಲ್ಲಿದ್ದವು. ಆಯಿಯ ಮಾತಿಗೆ ಉತ್ತರ ಇದು, ಅಪ್ಪನ ಕಾಲ ಬಳಿ ಕೂತಾಗ ಬಾಯಿತನಕ ಬಂದು ಹಿಂದಕ್ಕೆ ಹೋದದ್ದೂ ಇದರಲ್ಲೆಲ್ಲೋ ಇತ್ತು. ಹುಡುಗಿ ಕೀಲಿಗಳ ಮೇಲಿಂದ ಕೈ ತೆಗೆದು ತಿರುಗಿದಳು.

"ಏನಂದ್ರಿ ಅಜ್ಜಿ? ಇನ್ನೊಮ್ಮೆ ಹೇಳ್ರಿ."

ಮತ್ತೆ ಹೇಳಿಸುವವರು ಇಲ್ಲೂ ಸಿಕ್ಕರಲ್ಲ ಎನ್ನಿಸಿತು. ಆದರೆ ಆ ಹುಡುಗಿಯ ಕಿವಿ ಕೆಂಪಗಾಗಿತ್ತು. ಅವಳು ಕೇಳಿದ್ದು ಅರ್ಜಿಗಾಗಿ ಅಲ್ಲ. ಅವ್ವನಿಗೆ ಅದು ನನಗಿಂತ ಮೊದಲೇ ತಿಳಿಯಿತು. ಈ ಸಲ ರಾಗದಲ್ಲಿ ಹೇಳಿದಳು, ಎರಡನೆಯ ಸಾಲಿನಿಂದ ಹಿಂದಕ್ಕೆ ಹೋಗಿ ಅದನ್ನು ಎರಡು ಸಲ ಹೇಳಿದಳು. ಈ ಸಲ ನಾನು ಎಣಿಸಲಿಲ್ಲ.

ಹುಡುಗಿ ಕಣ್ಣೊರೆಸಿಕೊಂಡು ಕೊನೆಯ ಸಾಲಿನ ಮೊದಲ ಮಾತನ್ನಷ್ಟೇ ಟೈಪು ಮಾಡಿದಳು. ಅರ್ಜಿಯಲ್ಲಿ ಅಷ್ಟಕ್ಕೇ ಜಾಗವಿತ್ತು. ಸರಿ ಇದೆಯಾ ನೋಡಿರಿ ಎಂದು ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಮರಾಠಿ ಲಿಪಿ ಬಾರದ ಅವ್ವ ಪರದೆಯ ಹತ್ತಿರಕ್ಕೆ ಬಾಗಿದಳು. ಸಾಲುಗಳ ನಡುವೆ ಹುಡುಕಿದಳು. ಪಾತ್ರೆಗಳ ಮೇಲೆ ದಿನಾ ಎರಡು ಹೊತ್ತು ಬೂದಿ ಹಚ್ಚಿ ತಿಕ್ಕಿದ ಆ ಅಕ್ಷರಗಳ ಮೇಲೆ ಬೆರಳಿಟ್ಟಳು.

"ಹೂಂ," ಎಂದಳು. "ಇವ್ರೇ ನೋಡವ್ವ."